ಆರ್‌ವಿಯೊಳಗಿನ ನಾತ: ಔಷಧಿಗಿಂತ ಮೊದಲು ದಾರಿ ಹುಡುಕಿ

ಹಿಂದಿನ ಸಂಚಿಕೆಯಲ್ಲಿ ಆರ್‌ವಿಯಲ್ಲಿ, ಅಂದರೆ ಹಾಸಿಗೆ, ಅಡುಗೆ ಜಾಗ, ಕಕ್ಕಸು ಎಲ್ಲ ಇರುವ ಮನೆಯಂಥ ಗಾಡಿಯಲ್ಲಿ, ಊರೂರು ಸುತ್ತುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಗಾಡಿಯೊಳಗೆ ಬರುವ ಕಕ್ಕಸಿನ ವಾಸನೆ. ಕೆಲವರು "ಇದನ್ನೆಲ್ಲ ಕೇಳಬಹುದೋ ಇಲ್ಲವೋ" ಎಂದು ಸಂಕೋಚಪಟ್ಟುಕೊಂಡೇ ಶುರು ಮಾಡಿದ್ದಾರೆ. ಧಾರಾಳವಾಗಿ ಕೇಳಿ. ರಜೆ ಹಾಕಿ, ಮಕ್ಕಳನ್ನು ಕಟ್ಟಿಕೊಂಡು 600 ಮೈಲಿ ಹೋಗಿ, ರಾತ್ರಿ ಮೂಗಿಗೆ ಬಟ್ಟೆ ಹಿಡಿದು ಮಲಗುವ ಕಷ್ಟ ನನಗೆ ಗೊತ್ತು. ಈ ಸಲದ ಪುಟ ಪೂರ್ತಿ ಇದಕ್ಕೇ.

ಹೊಸ ಓದುಗರಿಗೆ ಎರಡು ಮಾತು. ನಾನು ಸಾಗರದ ಕಡೆಯವಳು, ಈಗ ಇರುವುದು ಡಲ್ಲಾಸ್ ಹತ್ತಿರ. ನಮ್ಮದು 26 ಅಡಿ ಉದ್ದದ ಟ್ರೇಲರ್, ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವಂಥದ್ದು. ತೆಗೆದುಕೊಂಡು 11 ವರ್ಷವಾಯಿತು. ಓಡಿಸುವುದು ನಮ್ಮ ಮನೆಯವರು. ಪೈಪು, ಟ್ಯಾಂಕು, ವಾಲ್ವು ನನ್ನ ಪಾಲು.

ಆರ್‌ವಿಯ ಅಡಿಯಲ್ಲಿ ಮೂರು ಟ್ಯಾಂಕು ಇರುತ್ತವೆ. ಒಂದರಲ್ಲಿ ಒಳ್ಳೆ ನೀರು. ಸಿಂಕು ಮತ್ತು ಶವರಿನ ನೀರು ಹೋಗುವುದು ಗ್ರೇ ಟ್ಯಾಂಕು. ಕಮೋಡಿನ ಕೆಳಗಿರುವುದು ಬ್ಲ್ಯಾಕ್ ಟ್ಯಾಂಕು. ನಮ್ಮ ಮನೆಯಲ್ಲಿ ಇವೆರಡಕ್ಕೆ ಬಚ್ಚಲು ಟ್ಯಾಂಕು, ಕಕ್ಕಸು ಟ್ಯಾಂಕು ಎಂದೇ ಹೆಸರು. ಇಲ್ಲೂ ಹಾಗೇ ಬರೆಯುತ್ತೇನೆ. ನಮ್ಮ ಗಾಡಿಯಲ್ಲಿ ಎರಡೂ 30 ಗ್ಯಾಲನ್‌ನವು, ಅಂದರೆ ಸುಮಾರು 114 ಲೀಟರ್.

ಪ್ರಶ್ನೆ: ಅಕ್ಕ, ಹೋದ ವರ್ಷ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಬಸ್ಸಿನ ಹಾಗೆ ತಾನೇ ಓಡುವ ಆರ್‌ವಿ) ತೆಗೆದುಕೊಂಡೆವು. ಫ್ಲಶ್ ಮಾಡಿದಾಗಲೆಲ್ಲ ನಾತ ಗಾಳಿಯ ಹಾಗೆ ಮೇಲೆದ್ದು ಮುಖಕ್ಕೆ ಹೊಡೆಯುತ್ತದೆ. ಆಮೇಲೆ ಅರ್ಧ ಗಂಟೆ ಗಾಡಿಯ ತುಂಬ ಅದೇ. ಸೆಂಟು ಬೆರೆಸಿದ ಟ್ಯಾಂಕ್ ಔಷಧಿ ಮೂರು ಬಗೆಯದು ಹಾಕಿ ನೋಡಿದ್ದಾಯಿತು. ಎರಡೂ ವಾಸನೆ ಸೇರಿ ಮಗಳಿಗೆ ವಾಂತಿಯೇ ಬಂತು. ಗಾಡಿ ಮಾರಿಬಿಡೋಣ ಅನ್ನುತ್ತಿದ್ದಾರೆ ಇವರು. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಮಾರಬೇಡಿ. ಔಷಧಿಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಒಂದು ಮಾತು ಹೇಳಿ: ಫ್ಲಶ್ ಮಾಡುವಾಗ ಛಾವಣಿಯ ಫ್ಯಾನು ಓಡುತ್ತಿರುತ್ತದಾ?

ವಾಸನೆ ಬರುತ್ತದೆ ಅಂತ ಬಹಳ ಜನ ಬಚ್ಚಲುಮನೆಯ ಫ್ಯಾನು ಹಾಕಿಕೊಂಡೇ ಕೂರುತ್ತಾರೆ. ವಾಸನೆಯನ್ನು ಒಳಗೆ ಕರೆಯುವುದೇ ಆ ಫ್ಯಾನು. ಆರ್‌ವಿ ಅನ್ನುವುದು ಒಂದು ಸಣ್ಣ ಡಬ್ಬಿ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ದಬ್ಬಿದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದ್ದರೆ, ನೀವು ಫ್ಲಶ್ಶಿನ ಪೆಡಲು ಒತ್ತಿದ ಕೂಡಲೇ ಕಮೋಡಿನ ತೂತೇ ಅದಕ್ಕೆ ದಾರಿ. ಟ್ಯಾಂಕಿನೊಳಗಿನ ಗಾಳಿ ಸೀದಾ ಮೇಲೆ ಬರುತ್ತದೆ. ಹಾಗಾಗಿ ಫ್ಯಾನು ನಿಲ್ಲಿಸಿ, ಕಿಟಕಿಯನ್ನು ಎರಡು ಬೆರಳಷ್ಟು ತೆಗೆಯಿರಿ, ಕಮೋಡಿನ ಮುಚ್ಚಳ ಹಾಕಿ, ಆಮೇಲೆ ಪೆಡಲು ಒತ್ತಿ. ಅಡುಗೆ ಜಾಗದ ದೊಡ್ಡ ಫ್ಯಾನೂ ನಿಂತಿರಬೇಕು. ಒಂದು ಕಾಸು ಖರ್ಚಿಲ್ಲದೆ ಎಷ್ಟೋ ಗಾಡಿಗಳ ವಾಸನೆ ಇಷ್ಟರಲ್ಲೇ ಹೋಗಿದೆ.

ಹೋಗಲಿಲ್ಲ ಅಂದರೆ ಕಮೋಡಿನೊಳಗೆ ಬಗ್ಗಿ ನೋಡಿ. ಮನೆಯ ಕಮೋಡಿನಲ್ಲಿ ಪೈಪು ಬಾಗಿರುತ್ತದೆ, ಆ ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ. ಚರಂಡಿಯ ಗಾಳಿಗೆ ಆ ನೀರೇ ಬಾಗಿಲು. ಆರ್‌ವಿ ಕಮೋಡಿನಲ್ಲಿ ಆ ಬಾಗು ಇಲ್ಲ. ನೇರ ತೂತು, ಅದಕ್ಕೆ ಪೆಡಲಿನಿಂದ ತಿರುಗುವ ಒಂದು ಮುಚ್ಚಳ, ಮುಚ್ಚಳದ ಸುತ್ತ ರಬ್ಬರಿನ ಬಳೆ, ಅಷ್ಟೇ. ಆ ಮುಚ್ಚಳದ ಮೇಲೆ ಒಂದೆರಡು ಇಂಚು ನೀರು ಯಾವಾಗಲೂ ನಿಂತಿರಬೇಕು. ರಾತ್ರಿ ನೀರು ಬಿಟ್ಟು ಬೆಳಿಗ್ಗೆ ನೋಡಿ. ಇಳಿದುಹೋಗಿದ್ದರೆ ರಬ್ಬರು ಸೋರುತ್ತಿದೆ. ನೀರು ಇಳಿದ ಸಂದಿಯಲ್ಲೇ ನಾತ ಏರುತ್ತದೆ.

ನಮ್ಮ ಗಾಡಿಯಲ್ಲಿ ಹೀಗಾದಾಗ ರಬ್ಬರು ಹೋಯಿತು, ಹೊಸದು ತರಿಸಬೇಕು ಅಂದುಕೊಂಡೆ. ಅದಕ್ಕೆ ಮೊದಲು ಕೈಗವಸು ಹಾಕಿಕೊಂಡು ಬಳೆಯ ಅಂಚಿನಡಿ ಬೆರಳು ಆಡಿಸಿದೆ. ಒಂದು ಕಡೆ ಟಿಶ್ಯೂ ಕಾಗದ ಮುದ್ದೆಯಾಗಿ ಅಂಟಿತ್ತು. ಉಳಿದ ಸುತ್ತೆಲ್ಲ ಬಿಸಿನೀರಿನ ಹಂಡೆಯೊಳಗೆ ಕಟ್ಟುತ್ತದಲ್ಲ, ಅಂಥ ಬಿಳಿ ಸುಣ್ಣದ ಪದರ. ಹಳೇ ಟೂತ್‌ಬ್ರಷ್ಷನ್ನು ವಿನಿಗರಿನಲ್ಲಿ ಅದ್ದಿ ಉಜ್ಜಿದೆ. ಒಣಗಿದ ಮೇಲೆ ಪ್ಲಂಬರ್‌ಗಳು ಬಳಸುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದೆ. ಮಾರನೆಯ ಬೆಳಿಗ್ಗೆ ನೀರು ಇದ್ದ ಮಟ್ಟದಲ್ಲೇ ಇತ್ತು. ಗ್ರೀಸ್ ಬದಲು ವ್ಯಾಸಲೀನ್ ಹಚ್ಚಬೇಡಿ, ರಬ್ಬರು ಉಬ್ಬಿ ಹಾಳಾಗುತ್ತದೆ. ಉಜ್ಜಿದರೂ ನೀರು ನಿಲ್ಲದಿದ್ದರೆ ಮಾತ್ರ ಹೊಸ ರಬ್ಬರು ತರಿಸಿ. ಕಮೋಡಿನ ಕಂಪನಿ ಮತ್ತು ಮಾಡೆಲ್ ನಂಬರ್ ನೋಡಿಯೇ ತರಿಸಿ. ಡೊಮೆಟಿಕ್‌ನದ್ದು ಥೆಟ್‌ಫರ್ಡ್‌ಗೆ ಕೂರುವುದಿಲ್ಲ.

ಮೂರನೆಯದು ಛಾವಣಿ. ಟ್ಯಾಂಕಿನಿಂದ ಒಂದು ಗಾಳಿಕೊಳವೆ ಗೋಡೆಯೊಳಗೆ ಹತ್ತಿ ಛಾವಣಿಯಿಂದ ಹೊರಗೆ ಬಂದಿರುತ್ತದೆ, ಅದರ ಮೇಲೊಂದು ಪ್ಲಾಸ್ಟಿಕ್ ಟೋಪಿ. ಟ್ಯಾಂಕಿನ ಗಾಳಿ ಆ ದಾರಿಯಲ್ಲಿ ಆಕಾಶಕ್ಕೆ ಹೋಗಬೇಕು. ಅದು ಕಟ್ಟಿಕೊಂಡರೆ ಉಳಿಯುವ ದಾರಿ ನಿಮ್ಮ ಬಚ್ಚಲುಮನೆ. ನಮ್ಮ ಕೊಳವೆಯಲ್ಲಿ ಒಂದು ಸಲ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಊರಿನಲ್ಲಿ ಕುಂಬಾರನ ಹುಳು ಗೋಡೆಗೆ ಕಟ್ಟುವಂಥದ್ದೇ. ಟೋಪಿ ಬಿಚ್ಚಿ ಟಾರ್ಚ್ ಬಿಡಿ, ಕೊಳವೆಗೆ ಸ್ವಲ್ಪ ನೀರು ಬಿಡಿ, ಒಳಗೊಬ್ಬರು ಕಮೋಡಿನ ಹತ್ತಿರ ನಿಂತು ಕೇಳಲಿ. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿದರೆ ದಾರಿ ಸಲೀಸಾಗಿದೆ. ಕೆಲವು ಗಾಡಿಗಳಲ್ಲಿ ಕೊಳವೆಯ ಕೆಳತುದಿ ಟ್ಯಾಂಕಿನೊಳಕ್ಕೆ ಜಾಸ್ತಿ ಇಳಿದಿರುತ್ತದೆ. ಟ್ಯಾಂಕು ಅರ್ಧ ದಾಟುತ್ತಿದ್ದಂತೆ ಆ ತುದಿ ಮುಳುಗಿ, ಗಾಳಿಗೆ ದಾರಿ ಮುಚ್ಚಿಹೋಗುತ್ತದೆ. ಟ್ಯಾಂಕು ಖಾಲಿ ಇದ್ದಾಗ ವಾಸನೆ ಇಲ್ಲ, ತುಂಬುತ್ತ ಬಂದ ಹಾಗೆ ಜಾಸ್ತಿ ಅನ್ನಿಸಿದರೆ ಇದನ್ನು ಅನುಮಾನಿಸಿ. ಛಾವಣಿ ಹತ್ತುವಾಗ ಜೋಪಾನ, ಬೆಳಗಿನ ಇಬ್ಬನಿಯಲ್ಲಿ ಅದು ಜಾರುತ್ತದೆ.

ಇನ್ನೊಂದು ಸಂಗತಿ, ನಿಮ್ಮದು ಹಳೇ ಗಾಡಿಯಾದ್ದರಿಂದ. ಮೊದಲಿನವರು ಅದನ್ನು ಹೇಗೆ ಇಟ್ಟುಕೊಂಡಿದ್ದರೋ ಏನೋ. ನಮ್ಮಪ್ಪನ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಬೆಳಿಗ್ಗೆ ಒಂದು ಬುಟ್ಟಿ ಸಗಣಿಗೆ ಒಂದು ಬುಟ್ಟಿಯಷ್ಟೇ ನೀರು ಹಾಕಿ, ಗಂಟಿಲ್ಲದ ಹಾಗೆ ಕೈಯಲ್ಲಿ ಕಲಸಿ ಗುಂಡಿಗೆ ಬಿಡುವುದು ನನ್ನ ಮತ್ತು ತಮ್ಮನ ಕೆಲಸ. ಒಂದು ದಿನ ಸೋಮಾರಿತನಕ್ಕೆ ನೀರು ಕಡಿಮೆ ಹಾಕಿದರೆ ಸಗಣಿ ಪೈಪಿನ ಬಾಯಲ್ಲೇ ಗಟ್ಟಿಯಾಗಿ ಕೂರುತ್ತಿತ್ತು. ಅಪ್ಪ ಬಿದಿರು ಕೋಲು ತಂದು ತಿವಿಯಬೇಕಾಗುತ್ತಿತ್ತು. ಕಕ್ಕಸು ಟ್ಯಾಂಕಿನದೂ ಅದೇ ಕಥೆ. ಆರ್‌ವಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡಿನಲ್ಲಿ ಚರಂಡಿ ಪೈಪು ಸಿಕ್ಕಿತು ಅಂತ ಕಕ್ಕಸು ಟ್ಯಾಂಕಿನ ವಾಲ್ವನ್ನು ತೆರೆದೇ ಬಿಡುವವರಿದ್ದಾರೆ. ನೀರು ಹರಿದುಹೋಗುತ್ತದೆ, ಗಟ್ಟಿಯಾದದ್ದು ಕಮೋಡಿನ ಕೆಳಗೇ ಗುಡ್ಡೆ ಬೀಳುತ್ತದೆ, ಒಣಗುತ್ತದೆ, ನಾರುತ್ತದೆ. ಆ ವಾಲ್ವು ಯಾವಾಗಲೂ ಮುಚ್ಚಿರಬೇಕು. ಟ್ಯಾಂಕು ಮೂರನೇ ಎರಡು ಭಾಗ ತುಂಬಿದ ಮೇಲೆ ಒಂದೇ ಸಲ ಬಿಡಿ, ರಭಸಕ್ಕೆ ಎಲ್ಲ ಕೊಚ್ಚಿಹೋಗುತ್ತದೆ. ಖಾಲಿ ಮಾಡಿದ ಕೂಡಲೇ ಎರಡು ಮೂರು ಗ್ಯಾಲನ್ ಹೊಸ ನೀರು ಹಾಕಿ. ಟ್ಯಾಂಕಿನ ತಳ ಎಂದೂ ಒಣಗಬಾರದು.

ಗುಡ್ಡೆ ಈಗಾಗಲೇ ಇದ್ದರೆ ಟ್ಯಾಂಕಿನ ಮುಕ್ಕಾಲು ಭಾಗ ನೀರು ತುಂಬಿ, ಒಂದೆರಡು ದಿನ ನೆನೆಯಲು ಬಿಟ್ಟು, ಗಾಡಿ ಓಡಿಸಿ ಕುಲುಕಿಸಿ ಬಿಡಿ. ಎರಡು ಮೂರು ಸಲ ಮಾಡಬೇಕಾಗಬಹುದು. ಐಸ್ ತುಂಡು ಸುರಿದು ಓಡಿಸಿದರೆ ಉಜ್ಜಿದ ಹಾಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಎರಡು ಚೀಲ ಸುರಿದು ನೋಡಿದ್ದೇನೆ, ಏನೂ ಆಗಲಿಲ್ಲ. ಟ್ಯಾಂಕಿನೊಳಗೆ ನೀರು ಚಿಮ್ಮಿಸುವ ಪ್ರತ್ಯೇಕ ನಲ್ಲಿ ನಿಮ್ಮ ಗಾಡಿಗಿದ್ದರೆ ಬಳಸಿ, ಆದರೆ ಕೆಳಗಿನ ವಾಲ್ವು ತೆರೆದಿಟ್ಟೇ ಬಳಸಿ. ಮುಚ್ಚಿ ನೀರು ಬಿಟ್ಟು ಮರೆತರೆ ಅದು ಮೇಲಿನಿಂದ ಉಕ್ಕುತ್ತದೆ. ಕುಡಿಯುವ ನೀರಿನ ಹೋಸನ್ನು ಮಾತ್ರ ಈ ಕೆಲಸಕ್ಕೆ ಎಂದಿಗೂ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಗಾಡಿಯಲ್ಲಿ ಕಕ್ಕಸಿನ ಕಡೆ ಏನೂ ತೊಂದರೆ ಇಲ್ಲ. ವಾಸನೆ ಬರುವುದು ಅಡುಗೆ ಸಿಂಕಿನಿಂದ. ಎಲ್ಲ ಸೌಕರ್ಯ ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ವಾರ ಇದ್ದಾಗ ಸಂಜೆಯಾದರೆ ಸಾಕು, ಮೋರಿ ಹತ್ತಿರ ಕೂತ ಹಾಗಿರುತ್ತಿತ್ತು. ಬಚ್ಚಲು ನೀರಿಗೂ ಇಷ್ಟು ನಾತವಾ ಮೇಡಂ? (ಕೇಟಿ, ಟೆಕ್ಸಾಸ್)

ಉತ್ತರ: ಇಷ್ಟೂ ಇರುತ್ತದೆ. ನನ್ನ ಅನುಭವದಲ್ಲಿ ಕಕ್ಕಸು ಟ್ಯಾಂಕಿಗಿಂತ ಬಚ್ಚಲು ಟ್ಯಾಂಕೇ ಹೆಚ್ಚು ನಾರುವುದು. ನಾವು ಅಡುಗೆ ಮಾಡುವವರು, ಅಲ್ವಾ. ಬರ್ಗರ್ ಸುಟ್ಟು ತಿನ್ನುವವರ ಸಿಂಕಿಗೂ ನಮ್ಮ ಸಿಂಕಿಗೂ ವ್ಯತ್ಯಾಸವಿದೆ. ಹುಳಿಯ ಪಾತ್ರೆ, ಒಗ್ಗರಣೆ ಸೌಟಿನ ಎಣ್ಣೆ, ತುಪ್ಪದ ಬಟ್ಟಲು, ಮೊಸರನ್ನದ ತಟ್ಟೆ, ದೋಸೆ ಹಿಟ್ಟಿನ ಪಾತ್ರೆ ಎಲ್ಲ ತೊಳೆದ ನೀರು ಒಂದು ಮುಚ್ಚಿದ ಡಬ್ಬಿಯಲ್ಲಿ, ಟೆಕ್ಸಾಸ್ ಬಿಸಿಲಿನಲ್ಲಿ, ಮೂರು ದಿನ ಕೂತರೆ ಏನಾಗುತ್ತದೆ ಯೋಚಿಸಿ. ಎಣ್ಣೆ ಟ್ಯಾಂಕಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಅನ್ನದ ಗಂಜಿ ಕೂರುತ್ತದೆ.

ನಾನು ಮಾಡುವುದು ಇಷ್ಟು. ಪಾತ್ರೆಯನ್ನು ತೊಳೆಯುವ ಮೊದಲು ಪೇಪರ್ ಟವಲಿನಲ್ಲಿ ಚೆನ್ನಾಗಿ ಒರೆಸಿ ಕಸಕ್ಕೆ ಹಾಕುತ್ತೇನೆ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಟ್ಟಿದ್ದೇನೆ. ಊರಿನಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೆ ಹೋಗುತ್ತಿತ್ತು. ಇಲ್ಲಿ ಅದನ್ನು ಒಂದು ಪಾತ್ರೆಯಲ್ಲಿ ಹಿಡಿದು ಕಮೋಡಿಗೆ ಸುರಿಯುತ್ತೇನೆ. ಆ ಟ್ಯಾಂಕಿಗೆ ನೀರು ಎಷ್ಟಾದರೂ ಬೇಕು. ಪ್ರವಾಸ ಮುಗಿಸಿ ಬರುವ ದಿನ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪನ್ನು ಬಚ್ಚಲು ಟ್ಯಾಂಕಿಗೆ ಬಿಟ್ಟು, ದಾರಿಯುದ್ದಕ್ಕೂ ಕುಲುಕಿಸಿ, ಕೊನೆಗೆ ಖಾಲಿ ಮಾಡುತ್ತೇನೆ.

ಎರಡು ವಾರ ಚರಂಡಿ ಪೈಪು ಜೋಡಿಸಿಕೊಂಡೇ ಇದ್ದಿರಿ ಅಂತೀರಿ. ಬಚ್ಚಲು ಟ್ಯಾಂಕಿನ ವಾಲ್ವು ತೆರೆದಿಟ್ಟಿದ್ದಿರಾ? ಹಾಗಿದ್ದರೆ ಬಂದ ನಾತ ನಿಮ್ಮದೇ ಆಗಿರಬೇಕೆಂದಿಲ್ಲ. ಕ್ಯಾಂಪ್‌ಗ್ರೌಂಡಿನ ಇಡೀ ಚರಂಡಿಯ ಗಾಳಿ ಆ 3 ಇಂಚಿನ ಹೋಸಿನಲ್ಲಿ ಹಿಂದಕ್ಕೆ ಹತ್ತಿ ನಿಮ್ಮ ಟ್ಯಾಂಕಿಗೆ ಬರಬಹುದು. ವಾಲ್ವು ಮುಚ್ಚಿಡಿ, ಎರಡು ದಿನಕ್ಕೊಮ್ಮೆ ಬಿಡಿ. ಬಿಡುವಾಗ ಕಕ್ಕಸು ಮೊದಲು, ಬಚ್ಚಲು ಆಮೇಲೆ. ಸೋಪಿನ ನೀರಿನಲ್ಲಿ ಹೋಸೂ ತೊಳೆದ ಹಾಗಾಗುತ್ತದೆ.

ಕೊನೆಯದಾಗಿ ಸಿಂಕಿನ ಕೆಳಗಿನ ಬೀರು ತೆಗೆದು, ಟಾರ್ಚ್ ಹಿಡಿದು, ಹಿಂದಿನ ಮೂಲೆಗೆ ನೋಡಿ. ನೇರವಾಗಿ ಮೇಲೆದ್ದ ಪೈಪಿನ ತುದಿಯಲ್ಲಿ ಅಣಬೆಯ ಹಾಗೆ ಒಂದು ಪ್ಲಾಸ್ಟಿಕ್ ಟೋಪಿ ಕಾಣುತ್ತದೆ. ಸಿಂಕಿನ ನೀರು ಇಳಿಯುವಾಗ ಅದು ಗಾಳಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಹೊರಕ್ಕೆ ಬಿಡಬಾರದು. ಒಳಗಿನ ರಬ್ಬರು ಬಿಲ್ಲೆ ಹಳತಾಗಿ ಸೆಟೆದುಕೊಂಡರೆ ಎರಡೂ ಕಡೆಗೆ ಬಿಡುತ್ತದೆ. ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಹತ್ತು ಡಾಲರಿನೊಳಗೆ ಹೊಸದು ಸಿಗುತ್ತದೆ. ಅಂಗಡಿಯಲ್ಲಿ ಸ್ಟೂಡರ್ ವೆಂಟ್ ಅಂದರೆ ತೋರಿಸುತ್ತಾರೆ. ಸಿಂಕಿನ ಹತ್ತಿರದ ವಾಸನೆಗೆ ನಾನು ಮೊದಲು ಬದಲಿಸುವುದು ಅದನ್ನೇ.

ಪ್ರಶ್ನೆ: ಬಿಸಿನೀರಿನ ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಕಕ್ಕಸು ಟ್ಯಾಂಕನ್ನು ಎರಡು ಸಲ ತೊಳೆಸಿದೆ, ಪ್ರಯೋಜನವಾಗಲಿಲ್ಲ. (ಫೀನಿಕ್ಸ್, ಅರಿಜೋನಾ)

ಉತ್ತರ: ಪ್ರಯೋಜನವಾಗುವುದೂ ಇಲ್ಲ, ಯಾಕೆಂದರೆ ಇದು ಕಕ್ಕಸು ಟ್ಯಾಂಕಿನದಲ್ಲ. ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಿಡಿದು, ಗಾಡಿಯಿಂದ ಹೊರಗೆ ಹೋಗಿ ಮೂಸಿ. ಬಿಸಿನೀರು ಮಾತ್ರ ನಾರಿದರೆ ದೋಷ ವಾಟರ್ ಹೀಟರಿನದು. ಸಬರ್ಬನ್ ಕಂಪನಿಯಂಥ ಉಕ್ಕಿನ ಹೀಟರಿನಲ್ಲಿ ಟ್ಯಾಂಕು ತುಕ್ಕು ಹಿಡಿಯದಿರಲಿ ಅಂತ ಮೆಗ್ನೀಷಿಯಂ ಸರಳು ಹಾಕಿರುತ್ತಾರೆ, ಆನೋಡ್ ಅಂತ ಹೆಸರು. ಟ್ಯಾಂಕಿನ ಬದಲು ಆ ಸರಳು ಕರಗುತ್ತದೆ. ನೀರಿನಲ್ಲಿ ಸಲ್ಫೇಟ್ ಇದ್ದು, ಗಾಡಿ ವಾರಗಟ್ಟಲೆ ನಿಂತಿದ್ದರೆ, ಒಂದು ಜಾತಿಯ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಹೈಡ್ರೋಜನ್ ಸಲ್ಫೈಡ್ ಎಂಬ ನಾರುವ ಅನಿಲ ಮಾಡುತ್ತವೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಿಗೆ ಈ ವಾಸನೆ ಗೊತ್ತು. ಅಲ್ಲಿನ ಮಡ್ ವೊಲ್ಕೇನೋ ಎಂಬ ಕೆಸರಿನ ಬುಗ್ಗೆಯ ಹತ್ತಿರ ನೆಲದಿಂದ ಏಳುವುದೂ ಇದೇ ಅನಿಲ.

ಹೀಟರ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ನೀರಿನ ಸಂಪರ್ಕ ನಿಲ್ಲಿಸಿ, ಮೇಲಿನ ಸೇಫ್ಟಿ ವಾಲ್ವು ಎತ್ತಿ ಒತ್ತಡ ಇಳಿಸಿ, ಆಮೇಲೆ ಸರಳನ್ನು ಬಿಚ್ಚಿ. ನಾನು ಮೊದಲ ಸಲ ಬಿಚ್ಚಿದಾಗ ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ ಸರಳು ಗೆದ್ದಲು ತಿಂದ ಕಡ್ಡಿಯಂತಾಗಿತ್ತು. ಹಿಂದೆಯೇ ಬಿಳಿ ಕೆಸರು ಸುರಿಯಿತು. ಟ್ಯಾಂಕು ತೊಳೆದು ಹೊಸ ಸರಳು ಹಾಕಿ. ಆಮೇಲೆ ಒಳ್ಳೆ ನೀರಿನ ಟ್ಯಾಂಕಿಗೆ ಪ್ರತಿ 15 ಗ್ಯಾಲನ್ ನೀರಿಗೆ ಕಾಲು ಕಪ್ಪಿನಂತೆ ಸೆಂಟಿಲ್ಲದ ಮನೆಬಳಕೆಯ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವ ತನಕ ಬಿಡಿ. ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ವಾಸನೆ ಹೋಗುವ ತನಕ ಒಳ್ಳೆ ನೀರು ಹಾಯಿಸಿ.

ಕೊಳೆತ ಮೊಟ್ಟೆಯ ವಾಸನೆ ಅಂದ ಕೂಡಲೇ ಕಕ್ಕಸು ಟ್ಯಾಂಕನ್ನು ದೂರುವ ಮೊದಲು ಇನ್ನೆರಡು ಜಾಗ ನೋಡಲೇಬೇಕು. ಇದು ಜೀವದ ಮಾತು, ದಯವಿಟ್ಟು ಗಮನ ಕೊಡಿ. ಗಾಡಿಯ ಒಲೆ ಉರಿಸುವ ಪ್ರೊಪೇನ್ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲಿ ಅಂತ ಕೊಳೆತ ವಾಸನೆಯ ವಸ್ತುವೊಂದನ್ನು ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಅದಕ್ಕೇ ಗಾಡಿಯ ಗ್ಯಾಸ್ ಅಲಾರಂ ಮೊಣಕಾಲಿಗಿಂತ ಕೆಳಗಿರುವುದು. ಅನುಮಾನ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು ಸಿಲಿಂಡರಿನ ವಾಲ್ವು ಮುಚ್ಚಿ. ಇನ್ನೊಂದು ಬ್ಯಾಟರಿ. ಆಸಿಡ್ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಕುದಿಯಲು ಶುರುವಾದರೆ ಇದೇ ವಾಸನೆ ಬರುತ್ತದೆ. ಬ್ಯಾಟರಿ ಡಬ್ಬಿಯ ಹತ್ತಿರ ಬಿಸಿ ಕಂಡರೆ ಕ್ಯಾಂಪ್‌ಗ್ರೌಂಡಿನ ಕರೆಂಟು ತೆಗೆದು ದೂರ ನಿಲ್ಲಿ, ಬೆಂಕಿ, ಕಿಡಿ ಏನೂ ಹತ್ತಿರ ಬೇಡ. ಇನ್ನೊಂದು ವಿಷಯ: ಈ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. "ಈಗ ಬರುತ್ತಿಲ್ಲ" ಅಂದರೆ ಹೋಯಿತು ಅಂತಲ್ಲ. ಹತ್ತು ನಿಮಿಷ ಹೊರಗಿದ್ದು ಬಂದು ಮತ್ತೆ ನೋಡಿ.

ಪ್ರಶ್ನೆ: ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದಾರೆ, ಮುಂದಿನ ತಿಂಗಳು ಎಲ್ಲರೂ ಆರ್‌ವಿಯಲ್ಲಿ ಹೊರಟಿದ್ದೇವೆ. ಕಕ್ಕಸಿನಲ್ಲಿ ಅವರಿಗೆ ನೀರಿಲ್ಲದೆ ಆಗುವುದಿಲ್ಲ. ಚೊಂಬಿನಲ್ಲಿ ನೀರು ಬಳಸಿದರೆ ಟ್ಯಾಂಕು ಹಾಳಾಗುತ್ತದೆ, ಕಾಗದವೇ ಬಳಸಬೇಕು ಅಂತ ಬಾಡಿಗೆಗೆ ಕೊಡುವವರು ಹೇಳಿದರಂತೆ. ಅತ್ತೆಗೆ ಹೇಗೆ ಹೇಳಲಿ? (ಕ್ಯಾರಿ, ನಾರ್ತ್ ಕೆರೊಲಿನಾ)

ಉತ್ತರ: ಏನೂ ಹೇಳಬೇಡಿ. ಚೊಂಬು ಕೊಡಿ. ಕಕ್ಕಸು ಟ್ಯಾಂಕಿಗೆ ನೀರು ಅಂದರೆ ಔಷಧಿ, ಕಾಗದ ಅಂದರೆ ಹೊರೆ. ನಮ್ಮ ಪದ್ಧತಿಯಲ್ಲಿ ಗುಡ್ಡೆ ಬೀಳುವುದಿಲ್ಲ, ಟ್ಯಾಂಕು ಎಷ್ಟು ತುಂಬಿದೆ ಅಂತ ತೋರಿಸುವ ಸೆನ್ಸರಿಗೆ ಕಾಗದ ಅಂಟುವುದಿಲ್ಲ, ನಾತವೂ ಕಡಿಮೆ. ಟ್ಯಾಂಕು ಬೇಗ ತುಂಬುತ್ತದೆ, ಅಷ್ಟೇ. ಒಂದು ಚೊಂಬು ಅಂದರೆ ಒಂದು ಲೀಟರ್ ಅಂತಿಟ್ಟುಕೊಳ್ಳಿ. ಫ್ಲಶ್ಶಿನ ನೀರೂ ಸೇರಿಸಿ ನಾಲ್ಕು ಜನಕ್ಕೆ 30 ಗ್ಯಾಲನ್ ಟ್ಯಾಂಕು ಮೂರು ದಿನಕ್ಕೆ ಬರುತ್ತದೆ. ಖಾಲಿ ಮಾಡುವ ಜಾಗಗಳನ್ನು ಅದಕ್ಕೆ ತಕ್ಕಂತೆ ಗುರುತು ಹಾಕಿಕೊಳ್ಳಿ. ಯೆಲ್ಲೋಸ್ಟೋನ್ ಕಡೆ ಹೋಗುವುದಾದರೆ ನೆನಪಿರಲಿ, ಉದ್ಯಾನದೊಳಗೆ ಗಾಡಿಯ ಪಕ್ಕದಲ್ಲೇ ಚರಂಡಿ ಸಂಪರ್ಕ ಸಿಗುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ. ಒರೆಸುವ ತೇವದ ವೈಪ್ಸ್ ಮಾತ್ರ ಯಾರೂ ಕಮೋಡಿಗೆ ಹಾಕಬಾರದು, ಪೊಟ್ಟಣದ ಮೇಲೆ ಹಾಕಬಹುದು ಅಂತ ಬರೆದಿದ್ದರೂ.

ಮಕ್ಕಳು ಕಾಗದ ಬಳಸುವುದಾದರೆ ಒಂದು ಬಾಟಲಿ ನೀರಿಗೆ ನಾಲ್ಕು ಹಾಳೆ ಹಾಕಿ ಕುಲುಕಿ ನೋಡಿ. ಹತ್ತಿಯ ಹಾಗೆ ಬಿಡಿಬಿಡಿಯಾದರೆ ಆ ಕಾಗದ ಆಗಬಹುದು. ಹಾಳೆ ಹಾಳೆಯಾಗಿಯೇ ಉಳಿದರೆ ಬೇಡ.

ಪ್ರಶ್ನೆ: ಟ್ಯಾಂಕಿಗೆ ಫಿನಾಯಿಲ್ ಹಾಕಬಹುದಾ? ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಅಥವಾ ಬ್ಲೀಚ್ ಹಾಕಲಾ? (ಅಟ್ಲಾಂಟಾ)

ಉತ್ತರ: ಎರಡೂ ಬೇಡ. ಫಿನಾಯಿಲ್ ಆಗಲಿ ಬ್ಲೀಚ್ ಆಗಲಿ ಟ್ಯಾಂಕಿನಲ್ಲಿ ಕೊಳೆ ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಬ್ಲೀಚ್ ರಬ್ಬರನ್ನೂ ಒಣಗಿಸುತ್ತದೆ. ಮೂತ್ರದಿಂದ ಬರುವ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಏಳುವ ಹೊಗೆ ಎದೆಗೆ ಕೆಟ್ಟದ್ದು, ಆ ಸಣ್ಣ ಬಚ್ಚಲುಮನೆಯಲ್ಲಿ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಹಾಕಲೇಬೇಕು ಅನ್ನಿಸಿದರೆ ಎನ್‌ಜೈಮ್ ಇರುವ ಟ್ಯಾಂಕ್ ಔಷಧಿ ಹಾಕಿ. ಫಾರ್ಮಾಲ್ಡಿಹೈಡ್ ಇರುವುದನ್ನು ತರಬೇಡಿ, ನಾವು ಬಿಡುವ ನೀರು ಹೋಗುವ ಸೆಪ್ಟಿಕ್ ಟ್ಯಾಂಕಿಗೂ ಅದು ವಿಷ. ಯಾವ ಔಷಧಿಯಾದರೂ ನೀರಿದ್ದರೆ ಮಾತ್ರ ಕೆಲಸ ಮಾಡುವುದು.

ಪ್ರಶ್ನೆ: ನಮ್ಮ ಗಾಡಿಯಲ್ಲಿ ವಾಸನೆ ಮಲಗುವ ಕೋಣೆಯಲ್ಲಿ! ಅಲ್ಲಿ ಕಮೋಡೂ ಇಲ್ಲ, ಸಿಂಕೂ ಇಲ್ಲ. ಇಬ್ಬರು ಮೆಕ್ಯಾನಿಕ್‌ಗಳು ನೋಡಿ ಏನೂ ಸಿಗಲಿಲ್ಲ ಅಂದರು. ಊದುಬತ್ತಿ ಹಚ್ಚಿ ಹೊಗೆ ಎತ್ತ ವಾಲುತ್ತದೆ ನೋಡಿ ಅಂತ ಸ್ನೇಹಿತರು ಹೇಳಿದ್ದಾರೆ. (ಎಡಿಸನ್, ನ್ಯೂ ಜೆರ್ಸಿ)

ಉತ್ತರ: ಹೊಗೆ ನೋಡುವ ಯೋಚನೆ ಸರಿ, ಬೆಂಕಿ ಮಾತ್ರ ಬೇಡ. ಚರಂಡಿಯ ಗಾಳಿಯಲ್ಲಿ ಮೀಥೇನ್ ಇರುತ್ತದೆ, ಊರಿನ ಗೋಬರ್ ಗ್ಯಾಸ್ ಒಲೆ ಉರಿಯುವುದೂ ಅದರಿಂದಲೇ. ಬದಲಿಗೆ ಟಿಶ್ಯೂ ಕಾಗದದ ಎರಡು ಪದರ ಬಿಡಿಸಿ, ಒಂದು ಪದರದಿಂದ ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಗ್ಯಾಸ್ ಒಲೆ, ಹೀಟರ್ ಎಲ್ಲ ಆರಿಸಿ. ಕಿಟಕಿ ಬಾಗಿಲು ಮುಚ್ಚಿ, ಛಾವಣಿಯ ಫ್ಯಾನನ್ನು ಗಾಳಿ ಹೊರಗೆ ಹಾಕುವಂತೆ ಓಡಿಸಿ. ಈಗ ಗಾಡಿ ಎಲ್ಲಿ ಸಂದಿಯಿದೆಯೋ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಪಟ್ಟಿಯನ್ನು ಪ್ರತಿ ಮೋರಿ ಬಾಯಿಗೆ, ಕಮೋಡಿನ ಬುಡಕ್ಕೆ, ಪೈಪು ಗೋಡೆ ಹೊಕ್ಕ ತೂತಿಗೆ, ಬೀರುವಿನ ಮೂಲೆಗೆ ಹಿಡಿಯಿರಿ. ಪಟ್ಟಿ ನಡುಗಿದ ಕಡೆ ಮೂಗು ಇಡಿ. ಕಮೋಡಿನ ಬುಡದಲ್ಲಿ ನಡುಗಿದರೆ ನೆಲಕ್ಕೆ ಕೂರುವ ಕಡೆಯ ರಬ್ಬರು ಹೋಗಿದೆ ಅಂತ.

ನಿಮ್ಮದಕ್ಕೆ ಹೆಚ್ಚುಕಡಿಮೆ ಉತ್ತರ ನನಗೆ ಗೊತ್ತಿದೆ ಅನ್ನಿಸುತ್ತದೆ. ಹ್ಯೂಸ್ಟನ್‌ನಲ್ಲಿರುವ ನಮ್ಮ ಸ್ನೇಹಿತರದು 38 ಅಡಿಯ ಫಿಫ್ತ್ ವ್ಹೀಲ್, ಪಿಕಪ್ ಟ್ರಕ್ಕಿನ ಹಿಂಭಾಗದೊಳಗೆ ಕೊಂಡಿ ಹಾಕಿ ಎಳೆಯುವ ದೊಡ್ಡ ಟ್ರೇಲರ್. ಇದೇ ಕಥೆ, ಮಲಗುವ ಕೋಣೆ, ಮೂರು ವಾರ. ಆ ಹೆಣ್ಣುಮಗಳು ಹಾಸಿಗೆ ಬಟ್ಟೆಯೆಲ್ಲ ಎರಡು ಸಲ ಒಗೆದಿದ್ದಳು. ನಾನು ಹೋದಾಗ ಪಟ್ಟಿ ಹಿಡಿದು ಬಟ್ಟೆ ಬೀರುವಿನ ಬಾಗಿಲು ತೆಗೆದೆ. ನೇತು ಹಾಕಿದ ಸೀರೆಗಳ ಹಿಂದೆ, ಗೋಡೆಗೆ ಆನಿಸಿದಂತೆ, ಮೊಣಕಾಲೆತ್ತರದಲ್ಲಿ ಒಂದು ಬಿಳಿ ಪೈಪಿನ ಬಾಯಿ. ಅದಕ್ಕೆ ಮುಚ್ಚಿದ್ದ ಪ್ಲಾಸ್ಟಿಕ್ ಬಿರಡೆ ಸಡಿಲವಾಗಿ ಪಕ್ಕಕ್ಕೆ ವಾಲಿತ್ತು. ಕಾಗದದ ಪಟ್ಟಿ ಅಲ್ಲಿ ಹಾರಾಡಿತು. ಮುಂದೆ ಯಾವಾಗಾದರೂ ವಾಷಿಂಗ್ ಮೆಷಿನ್ ಇಡಲಿ ಅಂತ ದೊಡ್ಡ ಗಾಡಿಗಳಲ್ಲಿ ಹೀಗೆ ಪೈಪು ಬಿಟ್ಟಿರುತ್ತಾರೆ. ಅವರು ಮೆಷಿನ್ ಇಟ್ಟಿರಲಿಲ್ಲ. ಆ ಪೈಪಿನ ಬಾಗಿನಲ್ಲಿ ನೀರು ಯಾವತ್ತೋ ಒಣಗಿತ್ತು. ಬಚ್ಚಲು ಟ್ಯಾಂಕಿನ ಗಾಳಿ ಸೀದಾ ಸೀರೆಗಳ ಮೇಲೆ ಬರುತ್ತಿತ್ತು. ಎರಡು ಲೋಟ ನೀರು ಸುರಿದೆ. ಮಾರನೆಯ ದಿನ ಅಂಗಡಿಯಿಂದ ತಿರುಪು ಬಿಗಿದರೆ ಉಬ್ಬುವ ರಬ್ಬರ್ ಬಿರಡೆ ತಂದು ಹಾಕಿದೆವು. ಆ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದೆ ಅಂತ ಫೋನ್ ಮಾಡಿದಳು. ನೀವೂ ಬಟ್ಟೆಗಳ ಹಿಂದೆ ನೋಡಿ.

ಪ್ರಶ್ನೆ: ಚಳಿಗಾಲಕ್ಕೆ ಗಾಡಿ ನಿಲ್ಲಿಸಿಟ್ಟು ಏಪ್ರಿಲ್‌ನಲ್ಲಿ ತೆಗೆದಾಗ ಪ್ರತಿ ವರ್ಷ ವಾಸನೆ. (ಶಿಕಾಗೊ)

ಉತ್ತರ: ನಿಲ್ಲಿಸುವ ದಿನ ಎರಡೂ ಟ್ಯಾಂಕು ತೊಳೆದು ಖಾಲಿ ಮಾಡಿ, ಆರ್‌ವಿಗೆಂದೇ ಸಿಗುವ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಪ್ರತಿ ಸಿಂಕು, ಶವರಿನ ಮೋರಿಗೆ ಒಂದೊಂದು ಲೋಟ ಸುರಿಯಿರಿ. ಕಮೋಡಿನಲ್ಲೂ ಸ್ವಲ್ಪ ನಿಲ್ಲಿಸಿ. ಅದು ಹೆಪ್ಪುಗಟ್ಟಿ ಪೈಪು ಒಡೆಯುವುದಿಲ್ಲ, ನೀರಿನಷ್ಟು ಬೇಗ ಆರುವುದೂ ಇಲ್ಲ. ಕಾರಿನ ಹಸಿರು ಆಂಟಿಫ್ರೀಜ್ ವಿಷ, ಅದನ್ನು ಹಾಕಬೇಡಿ.

ಪ್ರಶ್ನೆ: ನಾವು ಆರ್‌ವಿ ಇರುವವರಲ್ಲಮ್ಮ. ಮಗಳ ಮನೆಗೆ ಅಮೆರಿಕಕ್ಕೆ ಹೋಗಿ ಐದು ತಿಂಗಳ ಮೇಲೆ ಜಯನಗರದ ಫ್ಲಾಟಿಗೆ ಬಂದೆವು. ಬಾಗಿಲು ತೆಗೆದರೆ ಒಳಗೆ ನಿಲ್ಲಲು ಆಗಲಿಲ್ಲ. ಮಗಳು ನಿಮ್ಮನ್ನು ಕೇಳು ಅಂದಳು. (ಬೆಂಗಳೂರು)

ಉತ್ತರ: ನಮಸ್ಕಾರ ಅಮ್ಮ. ಕೇಳಿದ್ದು ಒಳ್ಳೆಯದಾಯಿತು, ನಿಮ್ಮ ಮನೆಗೂ ಗಾಡಿಗೂ ಇದರಲ್ಲಿ ಏನೂ ವ್ಯತ್ಯಾಸವಿಲ್ಲ. ಬಚ್ಚಲಿನ ಜಾಲರಿಯ ಕೆಳಗೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುವ ಗುಂಡಿಯಿದೆ. ಅದರಲ್ಲಿ ನಿಂತ ನೀರೇ ಚರಂಡಿ ಗಾಳಿಯನ್ನು ತಡೆಯುವುದು. ಐದು ತಿಂಗಳಲ್ಲಿ ಅದು ಆರಿಹೋಗಿದೆ. ಕಿಟಕಿಯೆಲ್ಲ ತೆಗೆದು, ಪ್ರತಿ ಜಾಲರಿಗೆ ಅರ್ಧ ಬಕೆಟ್ ನೀರು ಸುರಿಯಿರಿ. ವಾಶ್‌ಬೇಸಿನ್, ಅಡುಗೆ ಸಿಂಕು, ಬಾಲ್ಕನಿಯ ಜಾಲರಿ, ನೆಂಟರ ಬಚ್ಚಲುಮನೆ ಯಾವುದನ್ನೂ ಬಿಡಬೇಡಿ. ಕಮೋಡು ಎರಡು ಸಲ ಫ್ಲಶ್ ಮಾಡಿ.

ಆಮೇಲೂ ವಾಸನೆ ಹೋಗದಿದ್ದರೆ ಜಾಲರಿ ಎತ್ತಿ ನೋಡಿ. ಒಳಗೆ ಬಟ್ಟಲಿನಂಥ ಒಂದು ತುಂಡು ಇರಬೇಕು. ನೀರು ನಿಧಾನ ಇಳಿಯುತ್ತದೆ ಅಂತ ಕೆಲಸದವರು ಅದನ್ನು ತೆಗೆದಿಟ್ಟುಬಿಡುವುದುಂಟು. ಅದಿಲ್ಲದೆ ಎಷ್ಟು ನೀರು ಸುರಿದರೂ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಅಳತೆ ಹೇಳಿ ತಂದು ಹಾಕಿಸಿ. ವಾಷಿಂಗ್ ಮೆಷಿನ್ನಿನ ಪೈಪು ಗೋಡೆಯ ತೂತಿಗೆ ಸುಮ್ನೆ ತೂರಿಸಿದ್ದರೆ ಸುತ್ತಲಿನ ಸಂದಿಗೆ ರಬ್ಬರ್ ಬಳೆ ಸಿಗುತ್ತದೆ, ಅದನ್ನೂ ಹಾಕಿಸಿ.

ಮತ್ತೆ ಮಗಳ ಮನೆಗೆ ಹೊರಡುವ ದಿನ, ಕೊನೆಯ ಸ್ನಾನ ಆದ ಮೇಲೆ, ಪ್ರತಿ ಜಾಲರಿಗೆ ಒಂದು ಚೊಂಬು ನೀರು ಸುರಿದು ಅದರ ಮೇಲೆ ಎರಡು ಚಮಚ ಮಿನರಲ್ ಆಯಿಲ್ ಬಿಡಿ, ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಅಂತ ಕೇಳಿ. ಅಡುಗೆ ಎಣ್ಣೆ ಬೇಡ, ಕಮಟುತ್ತದೆ. ಎಣ್ಣೆ ತೇಲಿಕೊಂಡಿದ್ದರೆ ಕೆಳಗಿನ ನೀರು ಬೇಗ ಆರುವುದಿಲ್ಲ. ಜಾಲರಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿದ ಚೊಂಬೊಂದನ್ನು ಇಟ್ಟು ಹೋಗಿ. ಕೀಲಿ ಪಕ್ಕದ ಮನೆಯವರ ಹತ್ತಿರ ಇದ್ದರೆ, ತಿಂಗಳಿಗೊಮ್ಮೆ ಬಂದು ಒಂದೊಂದು ಚೊಂಬು ನೀರು ಸುರಿಯಲು ಹೇಳಿ.